ಗಂಡನ ಹೆಸರಿನ ಕಾಲಂ

ನನ್ನ ಎಡದವಡೆಯ ಹಲ್ಲೊಂದು ಕರ್ಜಗಿಯ ಓಣಿಯಲ್ಲಿ ಬಿದ್ದಿದೆ. ತಂಗಿಗಾಗಿ ಅಣ್ಣನೊಬ್ಬ ಹೊಡೆದ ಹೊಡೆತ ಅದು. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಆ ದಿನಗಳ ನನ್ನ ಮೇಲೆಯೇ. ಆಗ ನಾನಾಗಿದ್ದ ಆ ಹುಡುಗ ಈಗ ಎದುರಿಗೆ ಸಿಕ್ಕರೆ ಇನ್ನೊಂದು ಹಲ್ಲನ್ನು ನಾನೇ ಉದುರಿಸುತ್ತೇನೆ.

ಊರಿಗೊಬ್ಬರ ಕೈಯಲ್ಲಿ ಮೊಬೈಲ್ ಕಾಣಿಸತೊಡಗಿದ್ದ ಕಾಲ. ರಾಣೆಬೆನ್ನೂರಿನ ಮಾಳಿಗೆಯ ಆಫೀಸೊಂದರಲ್ಲಿ ನನಗೆ ಸರ್ವೇ ಕೆಲಸ ಸಿಕ್ಕಿತು. ಸೋಪಿನ ಕಂಪನಿಯೊಂದಕ್ಕಾಗಿ ಮನೆಮನೆಗೆ ಹೋಗಿ ಹೆಂಗಸರನ್ನು ಕೇಳಬೇಕು: ಯಾವ ಸೋಪು ಹಚ್ಚುತ್ತೀರಿ, ನೊರೆ ಬರುತ್ತದೆಯೇ, ವಾಸನೆ ಸೇರಿತೇ. ಫಾರಂನ ಮೇಲ್ಗಡೆ ಅವಳ ಹೆಸರು, ಗಂಡನ ಹೆಸರು, ಊರು, ಓಣಿ.

ಮೊದಲ ವಾರ ಕುಪ್ಪೇಲೂರಿನಲ್ಲಿ ನಿಜವಾಗಿಯೇ ಬಾಗಿಲು ಬಾಗಿಲು ಅಲೆದೆ. ಸೋಪಿನ ಮಾತಿಗೆ ಎಲ್ಲರೂ ನಗುತ್ತ ಉತ್ತರಿಸಿದರು. ಗಂಡನ ಹೆಸರು ಕೇಳಿದ ಕೂಡಲೇ ಸೆರಗು ಬಾಯಿಗೆ ಹೋಯಿತು. ನಮ್ಮ ಕಡೆ ಹೆಂಡತಿ ಆ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ.

"ಅವರ ಹೆಸರು ನಾ ಹೆಂಗ ಹೇಳ್ಲಿರಿ? ಬಾಜೂ ಮನ್ಯಾಗ ಕೇಳ್ರಿ."

ಬಾಜೂ ಮನೆಯವಳು ಹೊಲಕ್ಕೆ ಹೋಗಿರುತ್ತಿದ್ದಳು. ಕಾಲಂ ಖಾಲಿ ಉಳಿಯುತ್ತಿತ್ತು. ಸೂಪರ್‌ವೈಸರ್ ಆ ಫಾರಂಗಳನ್ನೆಲ್ಲ ನನ್ನ ಮುಖಕ್ಕೆ ಒಗೆದ. "ಖಾಲಿ ಬಿಟ್ಟಿದ್ದು ಕಂಪನಿ ತಗೊಳ್ಳೂದಿಲ್ಲ. ಭರ್ತಿ ಮಾಡ್ಕೊಂಡು ಬಾ, ಇಲ್ಲಾ ಮನಿಗೆ ನಡಿ."

ಕರ್ಜಗಿಯಲ್ಲಿ ನನ್ನ ಚಿಗವ್ವನ ಮನೆಯಿತ್ತು. ಅವಳ ಕಟ್ಟೆಯ ಮೇಲೆ ಮಂಡಕ್ಕಿ ತಿನ್ನುತ್ತ ಒಂದೇ ಮಧ್ಯಾಹ್ನದಲ್ಲಿ ಇಡೀ ಓಣಿಯ ಸರ್ವೇ ಮುಗಿಸಿದೆ. ಕಂಡವರ ಗಂಡಂದಿರ ಹೆಸರನ್ನೆಲ್ಲ ಚಿಗವ್ವ ಪಟಪಟ ಹೇಳಿದಳು, ತನ್ನ ಗಂಡನದು ಬಂದಾಗ ಮಾತ್ರ "ನಿಂಗ ಗೊತ್ತಿಲ್ಲೇನು?" ಎಂದು ಗದರಿದಳು. ಮೂಲೆಮನೆಯ ಮಗಳು ತವರಿಗೆ ಬಂದಿದ್ದಾಳೆ, ಗಂಡ ಬ್ಯಾಡಗಿಯವನು ಎಂದು ದನಿ ತಗ್ಗಿಸಿ ಹೇಳಿದಳು. ಯಾಕೆ ತಗ್ಗಿಸಿದಳೆಂದು ನಾನು ಕೇಳಲಿಲ್ಲ. ಹೆಸರು ಬರೆದುಕೊಂಡೆ.

ಉತ್ತರಗಳನ್ನೆಲ್ಲ ನಾನೇ ಹುಟ್ಟಿಸಿದೆ. ಎರಡು ಬಗೆಯ ಪೆನ್ನು, ಹೆಬ್ಬೆಟ್ಟಿನ ಜಾಗದಲ್ಲಿ ನನ್ನವೇ ಬೆರಳುಗಳು, ನಂಬಿಕೆ ಬರಲೆಂದು ಅಲ್ಲಲ್ಲಿ ಅರಿಸಿನದ ಕಲೆ. ಮೂಲೆಮನೆಯ ಮಗಳಿಗೆ ಸೋಪಿನ ವಾಸನೆ ಬಹಳ ಹಿಡಿಸಿತೆಂದು ಗುರುತು ಹಾಕಿದೆ. ಅವಳ ಬಾಗಿಲು ಕಟ್ಟೆಯಿಂದ ಕಾಣುತ್ತಿತ್ತು. ಎದ್ದು ಹೋಗಲು ಮೈಗಳ್ಳತನ.

ಆಫೀಸಿನಲ್ಲಿ ನನ್ನ ಫಾರಂಗಳೇ ಎಲ್ಲರಿಗೂ ಮಾದರಿಯಾದವು. ಕಂಪನಿ ಬಹುಮಾನದ ಚೀಟಿ ಎತ್ತಿದಾಗ ಪೂರ್ತಿ ತುಂಬಿದ ಫಾರಂಗಳನ್ನಷ್ಟೇ ಡಬ್ಬಿಗೆ ಹಾಕಿದರು. ನಿಜ ಹೇಳಿದ ಹೆಂಗಸರು ಹೊರಗುಳಿದರು, ನನ್ನ ಸುಳ್ಳುಗಳು ಗೆದ್ದವು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆ ತುಂಬಿದ್ದ ದಿನ ಕಂಪನಿಯ ಜೀಪು ಅಲ್ಲಿ ನಿಂತಿತು. ಮೈಕು ನನ್ನ ಕೈಗೆ ಬಂತು. ಘಾಟಿಗೆ ಕೆಮ್ಮುತ್ತಲೇ ಗೆದ್ದವರ ಹೆಸರು ಓದಿದೆ: ಹೆಂಡತಿ, ಗಂಡ, ಊರು. ಮೂಲೆಮನೆಯ ಮಗಳದನ್ನೂ ಓದಿದೆ. ಹಮಾಲನೊಬ್ಬ ಬೆನ್ನ ಮೇಲಿನ ಚೀಲವನ್ನು ನಡುದಾರಿಯಲ್ಲೇ ಕೆಡವಿ ಜೀಪಿನ ಹತ್ತಿರ ಬಂದ. ಅವನ ಕೈಯಲ್ಲಿ ಚೀಲ ಎಳೆಯುವ ಕಬ್ಬಿಣದ ಕೊಕ್ಕೆಯಿತ್ತು.

"ಇನ್ನೊಮ್ಮೆ ಓದ್ರಿ."

ಓದಿದೆ.

"ಅಕಿ ನನ್ನ ಹೇಂತಿ. ಕರ್ಜಗ್ಯಾಗ ಅದಾಳೇನು? ಅವರಪ್ಪ ಇಲ್ಲಾ ಅಂತ ಆಣಿ ಮಾಡಿದ್ದ."

"ಅದಾಳ್ರಿ. ನಾನ ಮಾತಾಡಿಸಿ ಬಂದೇನಿ," ಎಂದೆ. ಸುತ್ತ ಜನ ನಿಂತಿದ್ದರು, ನನ್ನ ಫಾರಂ ಸುಳ್ಳಾಗಬಾರದಿತ್ತು.

ಬಹುಮಾನದ ಬಕೆಟ್ಟನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ಓಡಿದ.

ಅವನ ಬಡಿತ ತಾಳಲಾರದೆ ಆಕೆ ತವರಿಗೆ ಬಂದು ಅಡಗಿದ್ದಳು. ಓಣಿಗೆ ಓಣಿಯೇ ಆ ಗುಟ್ಟು ಕಾದಿತ್ತು. ಅವನು ಬಾಗಿಲು ಒದ್ದು ಒಳಹೊಕ್ಕ. ಅಡ್ಡ ಬಂದ ಮುದಿ ಮಾವನ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಅವಳ ಜಡೆ ಹಿಡಿದು ಓಣಿಗೆ ಎಳೆದು ತಂದು ಕೊಕ್ಕೆಯನ್ನು ಮುಖಕ್ಕೆ ಬೀಸಿದ. ಅವಳು ಬಲಗೈ ಅಡ್ಡ ಹಿಡಿದಳು. ಅಂಗೈಯಲ್ಲಿ ಹೊಕ್ಕ ಕೊಕ್ಕೆ ಹಿಂಗೈಯಲ್ಲಿ ಹೊರಬಂತು. ಹಾಗೆಯೇ ಎಳೆದ, ಚೀಲ ಎಳೆದಂತೆ. ಚಿಗವ್ವ ಓಡಿಬಂದು ಬೊಗಸೆ ಖಾರದಪುಡಿಯನ್ನು ಅವನ ಕಣ್ಣಿಗೆ ಎರಚಿದ ಮೇಲೆಯೇ ಬಿಟ್ಟ. ಆಮೇಲೆ ಓಣಿಯವರು ಅವನನ್ನು ಕಂಬಕ್ಕೆ ಕಟ್ಟಿ ಬಡಿದರು.

ಇದೊಂದೂ ತಿಳಿಯದೆ ಮರುದಿನ ಬೆಳಿಗ್ಗೆ ನಾನು ಬಕೆಟ್ ಹಿಡಿದು ಆ ಓಣಿಗೆ ಹೋದೆ. ಮೊದಲು ಕಪಾಳಕ್ಕೆ ಬಿಗಿದವಳು ಚಿಗವ್ವ. "ಮನಿಯಂವ ಅಂತ ನಿನ್ನ ಮುಂದ ಹೇಳಿದ್ನೆಲ್ಲೋ!" ಎಂದು ನಡೆದದ್ದನ್ನೆಲ್ಲ ಅಳುತ್ತ ಒದರಿದಳು. ಅಷ್ಟರಲ್ಲಿ ಮೂಲೆಮನೆಯಿಂದ ಆಕೆಯ ಅಣ್ಣ ಬಂದ. ಹಲ್ಲು ಅಲ್ಲೇ ಬಿತ್ತು, ಬಕೆಟ್ ನನ್ನ ತಲೆಯ ಮೇಲೆ ಒಡೆಯಿತು. ನಾನು ಕೈ ಎತ್ತಲಿಲ್ಲ.

ಹಾವೇರಿಯ ಆಸ್ಪತ್ರೆಯಲ್ಲಿ ಬಾಯಿಗೆ ಹತ್ತಿ ತುಂಬಿಸಿಕೊಂಡವನು ಹೆಂಗಸರ ವಾರ್ಡಿನ ಬಾಗಿಲಿಗೆ ಹೋಗಿ ನಿಂತೆ. ಅವಳ ಮುಖ ನೋಡಿದ್ದು ಅದೇ ಮೊದಲು. ಬಲಗೈಗೆ ಮೊಣಕೈವರೆಗೂ ಪಟ್ಟಿ.

"ಆ ಫಾರಂ ಬರದಂವ ನಾನರಿ."

"ಬಾಗಲಕ್ಕ ಬಂದು ಕೇಳಿದ್ರ, ನನ್ನ ಹೆಸರು ಬರೀಬ್ಯಾಡ್ರಿ ಅಂತಿದ್ನಿ," ಎಂದಳು.

ನನಗೆ ಅಳು ಬಂತು. ಆಗಲೇ ಹವಾಲ್ದಾರನೊಬ್ಬ ಹೇಳಿಕೆ ಬರೆದುಕೊಳ್ಳಲು ಬಂದ. ಅವಳ ಹೆಸರು, ಊರು ಆಯಿತು. "ಗಂಡನ ಹೆಸರು?" ಎಂದು ಕೇಳಿ, ರೂಢಿಯಂತೆ ಪಕ್ಕದಲ್ಲಿದ್ದ ಅವಳ ತಾಯಿಯತ್ತ ತಿರುಗಿದ. ತಾಯಿ ಬಾಯಿ ತೆರೆದಳು.

"ನೀ ಸುಮ್ಮನಿರಬೇ. ನಾನ ಹೇಳ್ತೇನಿ."

ಅವಳು ಸೆರಗು ಎಳೆದುಕೊಳ್ಳಲಿಲ್ಲ, ತಲೆ ತಗ್ಗಿಸಲಿಲ್ಲ. ಗಂಡನ ಹೆಸರು, ಅವನಪ್ಪನ ಹೆಸರು, ಮನೆತನದ ಹೆಸರು, ಎಲ್ಲವನ್ನೂ ಕೊನೆಯ ಮಂಚದವರೆಗೂ ಕೇಳುವಂತೆ ಹೇಳಿದಳು. ಹವಾಲ್ದಾರ ಬರೆದು ಮುಗಿಸಿದ.

"ಈಗ ಓದ್ರಿ," ಎಂದಳು. "ಸರಿ ಬರದೀರೇನು ನೋಡ್ತೇನಿ."