ಕಾಗದದ ಬನ್ನಿಗಿಡ

ನನ್ನ ಬಾಯಿ ಕೆಟ್ಟದ್ದು ಎಂದು ಯಾರೂ ನನಗೆ ಹೇಳಬೇಕಾಗಿಲ್ಲ, ನನಗೇ ಗೊತ್ತಿದೆ. ಎರಡು ವರ್ಷದ ಹಿಂದೆ ಗಣಪತಿ ಹಬ್ಬಕ್ಕೆ ಸೇಡಂನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಥರ್ಮಾಕೋಲಿನಲ್ಲಿ ಕಂಬ, ಕಮಾನು, ಗೋಪುರ ಎಲ್ಲ ಕತ್ತರಿಸಿ ಅವಳು ಮಂಟಪ ಮಾಡಿದ್ದಳು. ಅವಳ ಅತ್ತೆ, ಓಣಿಯ ಹೆಂಗಸರು ಎಲ್ಲರೂ ಆರತಿಗೆ ನಿಂತಿರುವಾಗ ನಾನು, "ಏನವಾ, ಫ್ರಿಜ್ ಬಂದ ಡಬ್ಬಿಯೊಳಗ ಗಣಪತಿನ್ನ ಕುಂದ್ರಿಸಿಯಲ್ಲ?" ಎಂದುಬಿಟ್ಟೆ. ಎಲ್ಲರೂ ನಕ್ಕರು. ತಂಗಿ ನಗಲಿಲ್ಲ.

ಅವತ್ತಿನಿಂದ ಅವಳು ನನ್ನೊಂದಿಗೆ ಮಾತು ಬಿಟ್ಟಳು. ಅವ್ವ ಶಹಾಬಾದಿನಲ್ಲಿ ನಮ್ಮ ಮನೆಯಲ್ಲೇ ಇರುತ್ತಾಳೆ. ಫೋನನ್ನು ನಾನು ಎತ್ತಿದರೆ ತಂಗಿ, "ಅವ್ವಗ ಕೊಡ್ರಿ" ಅನ್ನುತ್ತಿದ್ದಳು. ಬೆನ್ನ ಮೇಲೆ ಹೊತ್ತು ಬೆಳೆಸಿದ ತಂಗಿ ನನಗೆ "ಕೊಡ್ರಿ" ಅನ್ನುವುದೆಂದರೆ! ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹೋದ ವರ್ಷ ದಸರೆಗೆ ಅವ್ವ ಹಟ ಹಿಡಿದು, "ಬನ್ನಿ ಕೊಡಾಕರ ಬಾ" ಎಂದು ಅವಳನ್ನು ಒಪ್ಪಿಸಿದಳು. ವಿಜಯದಶಮಿಯ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತೇವೆ. ಕೊಟ್ಟವರಿಗೆ ತಿರುಗಿ ಕೊಡಬೇಕು, ಜಗಳವಿದ್ದರೆ ಅಲ್ಲಿಗೆ ಮುಗಿಸಬೇಕು. ಮುಗಿಸುವ ಆಸೆ ನನಗೂ ಇತ್ತು, ಆದರೆ ತಪ್ಪಾಯಿತು ಎನ್ನುವುದೊಂದನ್ನು ಬಿಟ್ಟು. ಹಾಗಾಗಿ ಕಾಗದದ ಬನ್ನಿಗಿಡ ಮಾಡಲು ಕೂತೆ. ಅದನ್ನು ಬಾಗಿಲಲ್ಲಿ ನೋಡಿದ ಕೂಡಲೇ ಅವಳು ಬೆರಗಾಗಿ ಬಾಯಿ ತೆರೆಯಲೇಬೇಕು, ತೆರೆದ ಬಾಯಿಂದ ಒಂದು ಮಾತಾದರೂ ಬಂದೇ ಬರುತ್ತದೆ ಎಂದುಕೊಂಡಿದ್ದೆ.

ಎಲೆ ಕತ್ತರಿಸುವ ಅಚ್ಚು ಮಾಡಿಕೊಟ್ಟವರು ನಮ್ಮ ಯಜಮಾನರು. ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಪೈಪಿನ ಜೋಡಣೆಯ ನಡುವೆ ಇಟ್ಟು ಬೋಲ್ಟ್ ಬಿಗಿಯುವ ರಬ್ಬರ್ ಗ್ಯಾಸ್ಕೆಟ್ ಕತ್ತರಿಸುವುದರಲ್ಲಿ ಎತ್ತಿದ ಕೈ. ಪೆಟ್ಟಿಗೆಗೆ ಬಿಗಿಯುವ ಉಕ್ಕಿನ ಪಟ್ಟಿಯನ್ನು ಎಲೆಯ ಆಕಾರಕ್ಕೆ ಬಗ್ಗಿಸಿ, ಅಂಚನ್ನು ಅರದಿಂದ ಉಜ್ಜಿ ಹರಿತ ಮಾಡಿದರು. ಬನ್ನಿ ಎಲೆಯಷ್ಟು ಸಣ್ಣ ಅಚ್ಚು ಆಗುವುದಿಲ್ಲವೆಂದು ಬೆರಳುದ್ದ ಮಾಡಿದ್ದರು. ಅಂಗಳದ ಪರಸಿ ಹಾಸುಗಲ್ಲಿನ ಮೇಲೆ ರಬ್ಬರ್ ಹಾಸಿ, ಅದರ ಮೇಲೆ ದಪ್ಪ ಕಾಗದ ಇಟ್ಟು, ಅಚ್ಚಿಗೆ ಸುತ್ತಿಗೆಯಿಂದ ಒಂದು ಕೊಟ್ಟರೆ ಎಲೆ ಸಿದ್ಧ. ಮೊದಲ ಎಲೆಯ ನಟ್ಟನಡುವೆ ಒಂದು ದುಂಡನೆಯ ತೂತಿತ್ತು.

"ತೂತು ಯಾಕ್ರೀ?"

"ಬೋಲ್ಟಿಗೆ."

"ಬನ್ನಿ ಎಲಿಗೆ ಬೋಲ್ಟ್ ಎಲ್ಲಿರ್ತದ್ರೀ?"

ಅವರು ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಕೈ ರೂಢಿ ನೋಡು, ಕೇಳಂಗಿಲ್ಲ" ಎಂದು ತೂತು ಹೊಡೆಯುವ ಪಂಚನ್ನು ಬದಿಗಿಟ್ಟರು. ಆ ಎಲೆಯನ್ನು ಯಾರಿಗೂ ಕಾಣದಂತೆ ಗಿಡದ ಹಿಂಬದಿಗೆ ಅಂಟಿಸಿದೆ.

ಬಣ್ಣ ನನ್ನದು. ಶಾಲೆಯಲ್ಲಿ ಪಾಠ ಹೇಳುವವಳು ನಾನು, ಸ್ಟ್ಯಾಂಪ್ ಪ್ಯಾಡಿನ ಮಸಿ ನನಗೆ ಹೊಸದಲ್ಲ. ಸ್ಪಂಜಿನಿಂದ ಎಲೆಗಳಿಗೆ ಹಸಿರು ಒತ್ತಿ, ಅಂಚಿಗೆ ನೇರಳೆ ತಾಗಿಸಿ, ಚಿತ್ತಾಪುರದ ಲಗ್ನಪತ್ರಿಕೆ ಅಂಗಡಿಯಿಂದ ತಂದ ಬಂಗಾರದ ಮಸಿಯಲ್ಲಿ ನರ ಎಳೆದೆ. ಬೆರಳೆಲ್ಲ ನೇರಳೆಯಾಗಿದ್ದು ನೋಡಿ ಎದುರುಮನೆಯ ಅಜ್ಜಿ, "ಯಾವ ಎಲೆಕ್ಷನ್ ಬಂತ್ರೀ ಟೀಚರ್, ನಮಗ ಯಾರೂ ಹೇಳೇ ಇಲ್ಲ?" ಎಂದು ಕೇಳಿದರು. ಚೆಂದ ಕಾಣಲೆಂದು ತುದಿಯ ಕೊಂಬೆಗೆ ಒಂದು ಕಾಗೆಯನ್ನೂ ಕೂರಿಸಿದೆ. ಅದಕ್ಕೆ ಚಸ್ಮಾ ಹಾಕಿ, ಬಾಯಿ ತೆರೆಸಿದೆ.

ನಾಲ್ಕನೆಯ ದಿನ ಕಾಗೆಯ ರೆಕ್ಕೆ ಕತ್ತರಿಸುವಾಗ ಬ್ಲೇಡು ಹೆಬ್ಬೆರಳಿಗೆ ತಾಗಿತು. ಬಟ್ಟೆ ಸುತ್ತಿಕೊಳ್ಳುತ್ತಿರುವಾಗ ನೆನಪಾಯಿತು, ಆ ಗಣಪತಿ ಹಬ್ಬದ ದಿನ ತಂಗಿಯ ಬೆರಳಿಗೂ ಬಟ್ಟೆ ಸುತ್ತಿತ್ತು. ಅಡುಗೆ ಮಾಡುವಾಗ ಆಗಿರಬೇಕು ಎಂದುಕೊಂಡು ಕೇಳಿಯೂ ಇರಲಿಲ್ಲ. ಆ ಹೊತ್ತು ನನಗೆ ನನ್ನ ಮೇಲೇ ಅಸಹ್ಯವಾಯಿತು.

ಹಬ್ಬದ ಸಂಜೆ ಗಿಡವನ್ನು ಹಿತ್ತಾಳೆಯ ಕೊಡದಲ್ಲಿ ನಿಲ್ಲಿಸಿ ಬಾಗಿಲ ಪಕ್ಕಕ್ಕಿಟ್ಟೆ. ತಂಗಿ ಬರುತ್ತಿದ್ದ ರೈಲುಗಾಡಿ ವಾಡಿ ಜಂಕ್ಷನ್ನಿನಲ್ಲಿ ನಿಂತುಬಿಟ್ಟಿದೆ ಎಂದು ಫೋನು ಬಂತು, ಅವ್ವನಿಗೇ. ಅಷ್ಟರಲ್ಲಿ ಓಣಿಯವರು ಬನ್ನಿ ಕೊಡಲು ಬರತೊಡಗಿದರು. ಎದುರುಮನೆಯ ಅಜ್ಜಿ ತಂದಿದ್ದ ಎಲೆಗಳು ಓಣಿಯ ಬೇರೆ ಮನೆಗಳಲ್ಲೇ ಮುಗಿದಿದ್ದವು. ಅವರು ನನ್ನ ಗಿಡವನ್ನು ನೋಡಿ ಕೈ ಮುಗಿದರು, ಒಂದು ಎಲೆಯನ್ನು ಟಕ್ಕನೆ ಕಿತ್ತು ಕಣ್ಣಿಗೊತ್ತಿಕೊಂಡರು, "ಬಂಗಾರದಂಗ ಇರೋಣ್ರೀ ಟೀಚರ್" ಎಂದು ನನ್ನ ಕೈಯಲ್ಲೇ ಇಟ್ಟರು. ಅಂದು ಕೊಟ್ಟ ಎಲೆಯನ್ನು ಬೇಡ ಅನ್ನುವಂತಿಲ್ಲ, ಸಿಟ್ಟಂತೂ ಮಾಡುವಂತೆಯೇ ಇಲ್ಲ. ನಾನು ಹಲ್ಲು ಕಿರಿದು ತೆಗೆದುಕೊಂಡೆ.

ಅಜ್ಜಿ ಕಿತ್ತದ್ದನ್ನು ಹಿಂದೆ ನಿಂತವರು ನೋಡಿದರು. ಬನ್ನಿಗಿಡ ಇರುವುದೇ ಅದಕ್ಕಲ್ಲವೇ? ಒಬ್ಬೊಬ್ಬರೂ ಬಂದು ಕಿತ್ತು ಒಬ್ಬರಿಗೊಬ್ಬರು ಕೊಟ್ಟುಕೊಂಡರು. ನಾನು ಯಜಮಾನರಿಗೆ ಕಣ್ಸನ್ನೆ ಮಾಡಿದರೆ ಅವರು ತಾವೇ ಕೊಂಬೆ ಬಗ್ಗಿಸಿ, "ತಗೋರಿ, ತಗೋರಿ, ಅಚ್ಚು ನಂದೇ ಅದ" ಎಂದು ಹಂಚುತ್ತಿದ್ದರು. ನಾಲ್ಕು ದಿನದ ಕೆಲಸ ಅರ್ಧ ತಾಸಿನಲ್ಲಿ ಬೋಳಾಯಿತು. ನನಗೆ ಅಳುವೇ ಬಂದಿತ್ತು.

ಆಗಲೇ ತಂಗಿ ಬಾಗಿಲಲ್ಲಿ ನಿಂತಳು. ಗಿಡವನ್ನು ಮೇಲಿಂದ ಕೆಳಗೆ ನೋಡಿದಳು.

"ಅಕ್ಕಾ, ಇದೇನ? ಕಸಬರಿಗಿ ಮ್ಯಾಲ ಕಾಗಿ ಕುಂತದಲ್ಲ? ಚಸ್ಮಾ ಬ್ಯಾರೆ ಹಾಕ್ಕೊಂಡದ. ಬಾಯಿ ತಕ್ಕೊಂಡು ಥೇಟ್ ನಿನ್ನಂಗೇ ಅದ!"

ಮನೆ ತುಂಬ ಇದ್ದವರು ಹೊಟ್ಟೆ ಹಿಡಿದು ನಕ್ಕರು, ಅವ್ವನಂತೂ ಕೆಮ್ಮುವ ತನಕ ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. ತಿರುಗಿ ಏನೋ ಅನ್ನಬೇಕೆಂದು ಬಾಯಿ ತೆರೆದವಳಿಗೆ, ಅವಳು ನನ್ನನ್ನು ಅಕ್ಕಾ ಎಂದು ಕರೆದದ್ದು ಆಗ ಕಿವಿಗೆ ಬಿತ್ತು.

ಅವಳು ಪರ್ಸಿನಿಂದ ನಿಜವಾದ ಬನ್ನಿ ಎಲೆ ತೆಗೆದು ಕೊಟ್ಟು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ತಿರುಗಿ ಕೊಡಲು ನನ್ನ ಕೈ ಖಾಲಿ, ಸಿಕ್ಕ ಎಲೆಗಳನ್ನೆಲ್ಲ ಬಂದವರಿಗೆ ಕೊಟ್ಟುಬಿಟ್ಟಿದ್ದೆ. ಗಿಡದ ಹಿಂದೆ ತಡಕಾಡಿದೆ. ಯಾರ ಕಣ್ಣಿಗೂ ಬೀಳದ ತೂತಿನ ಎಲೆ ಅಲ್ಲೇ ಇತ್ತು. ಅದನ್ನು ಅವಳ ಕೈಯಲ್ಲಿಟ್ಟು, "ನಿನ್ನ ಮಂಟಪ ಭಾಳ ಛಂದ ಇತ್ತವಾ. ನಾ ಹಂಗ ಅನಬಾರದಿತ್ತು" ಎಂದೆ, ಅವಳಿಗಷ್ಟೇ ಕೇಳುವಂತೆ.

ತಂಗಿ ಎಲೆಯನ್ನು ಕಣ್ಣಿಗೆ ಹಿಡಿದು ತೂತಿನೊಳಗಿಂದ ನನ್ನನ್ನು ನೋಡಿದಳು. "ಅವತ್ತ ಎಲ್ಲಾರ ಮುಂದ ಅಂದಿದ್ದಿ. ಇದನೂ ಎಲ್ಲಾರ ಮುಂದ ಅನ್ನು."

ಅವಳು ಹೇಳಿದ್ದು ಸರಿಯಾಗಿತ್ತು. ಎದುರುಮನೆಯ ಕಟ್ಟೆಗೂ ಕೇಳುವಂತೆ ಇನ್ನೊಮ್ಮೆ ಅಂದೆ. ತಂಗಿ ನನ್ನ ಹೆಬ್ಬೆರಳ ಬಟ್ಟೆಯನ್ನು ಬಿಚ್ಚಿ ನೋಡಿ, ತಾನೇ ಸರಿಯಾಗಿ ಕಟ್ಟಿದಳು.

ಮರುದಿನ ಊರಿಗೆ ಹೊರಟಾಗ ಕಾಗೆಯನ್ನು ಕೇಳಿ ತೆಗೆದುಕೊಂಡು ಹೋದಳು. ಈ ವರ್ಷ ಗಣಪತಿ ಹಬ್ಬಕ್ಕೆ ನಾನು ಸೇಡಂಗೆ ಹೋದಾಗ ಅದು ಚಸ್ಮಾ ಹಾಕಿಕೊಂಡು ಮಂಟಪದ ತುದಿಯಲ್ಲಿ ಕೂತಿತ್ತು, ಅದರ ಬಾಯಿ ಮುಚ್ಚುವಂತೆ ತಂಗಿ ಒಂದು ಪುಟ್ಟ ಪಟ್ಟಿ ಅಂಟಿಸಿದ್ದಳು. ನಾನು ತುಟಿ ಎರಡು ಮಾಡದೆ ಆರತಿ ಬೆಳಗಿದೆ.