ಲಗ್ನಪತ್ರಿಕೆಯ ಫೈಲು

ನನ್ನ ಮಗಳ ಲಗ್ನಪತ್ರಿಕೆಯನ್ನು ಟೈಪು ಮಾಡಿದವಳು ನಾನೇ. ಬಂಗಾರಪೇಟೆಯ ಒಂದು ಟೈಪಿಂಗ್ ಅಂಗಡಿಯಲ್ಲಿ ನನಗೆ ಅದೇ ಕೆಲಸ. ನಂದಿದುರ್ಗ ಚಿನ್ನದ ಗಣಿಯ ಲೈನುಮನೆಗಳಿಂದ ಬಂದವರು ತಮಿಳಿನಲ್ಲಿ ಗೋಳು ಹೇಳಿಕೊಳ್ಳುತ್ತಾರೆ, ನಾನು ಕನ್ನಡದಲ್ಲಿ ಅರ್ಜಿ ಮಾಡಿಕೊಡುತ್ತೇನೆ. ಬೀಗ ಬಿದ್ದ ಫೈಲು ಬಿಡಿಸಿಕೊಡಿ ಎಂದು ಪಕ್ಕದ ಅಂಗಡಿಯವರೂ ನನ್ನನ್ನೇ ಕರೆಯುತ್ತಾರೆ. ಅಂಥವಳಿಗೆ ನನ್ನದೇ ಮನೆಯಲ್ಲಿ ಒಂದು ಫೈಲನ್ನು ತಿದ್ದಲು ಆಗಲಿಲ್ಲ.

ಮನೆಯಲ್ಲಿ ಕೆಳಗೆ ನಾನು, ಮಗಳು. ಮಹಡಿಯ ಮೇಲೆ ಭಾವ, ಓರಗಿತ್ತಿ. ವೈಫೈ ಡಬ್ಬಿಗೆ ಒಂದು ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದೇವೆ. ಎಲ್ಲರ ಕಾಗದಪತ್ರವೂ ಅದರಲ್ಲೇ, ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಿಂದ ತೆಗೆಯಬಹುದು. ಪತ್ರಿಕೆ ಪ್ರೆಸ್ಸಿಗೆ ಹೋಗಬೇಕಿದ್ದ ದಿನ ಬೆಳಿಗ್ಗೆ ತೆಗೆದು ನೋಡಿದರೆ ಭಾವ, ಓರಗಿತ್ತಿಯ ಹೆಸರು ಮಾತ್ರ ಇತ್ತು. ಗಂಡ ಸತ್ತವಳು ಧಾರೆ ಎರೆಯುವಂತಿಲ್ಲ, ಅವರೇ ಎರೆಯಲಿ, ಅವರ ಹೆಸರಿನಲ್ಲೇ ಕರೆಯಲಿ, ಅದಕ್ಕೆ ಒಪ್ಪಿದ್ದೆ. ಆದರೆ ಕೆಳಗೆ ಮೂಲೆಯಲ್ಲಿ ‘ವಧುವಿನ ತಾಯಿ’ ಎಂದು ನನ್ನ ಹೆಸರು ಹಾಕಿದ್ದ ಸಾಲೇ ಮಾಯ. ಮತ್ತೆ ಸೇರಿಸಲು ಹೋದರೆ, ಈ ಫೈಲು ಓದಲು ಮಾತ್ರ ಎಂದು ಬಂತು.

ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ನೋಡಿದೆ, ‘ಓದಲು ಮಾತ್ರ’ ಎಂಬುದರ ಮುಂದೆ ಟಿಕ್ ಇರಲಿಲ್ಲ. ಮೇಲಿನವರು ಅದೇ ಫೈಲು ತೆರೆದಿಟ್ಟಿರಬೇಕೆಂದು ಮೆಟ್ಟಿಲು ಹತ್ತಿ ಭಾವನ ಲ್ಯಾಪ್‌ಟಾಪ್ ಮುಚ್ಚಿಸಿ ಬಂದೆ. ಡಬ್ಬಿಯನ್ನು ಆರಿಸಿ ಮತ್ತೆ ಹಾಕಿದೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ನಕಲು ಮಾಡಿ ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಬಹುದಿತ್ತು, ಆದರೆ ಸಂಜೆ ಭಾವ ಪ್ರೆಸ್ಸಿಗೆ ಕಳಿಸುವುದು ಇದೇ ಫೈಲು. ಮನಸ್ಸಿನಲ್ಲೇ ಓರಗಿತ್ತಿಯನ್ನು ಬಾಯಿಗೆ ಬಂದಂತೆ ಬೈದೆ.

ಕೊನೆಗೆ ಡಬ್ಬಿಯ ಸೆಟ್ಟಿಂಗ್ ತೆಗೆದೆ. ಮದುವೆಯ ಫೋಲ್ಡರಿನಲ್ಲಿ ಎಲ್ಲರಿಗೂ ತಿದ್ದುವ ಹಕ್ಕಿತ್ತು. ನನಗೊಬ್ಬಳಿಗೆ ಓದುವುದು ಮಾತ್ರ. ಆ ಸೆಟ್ಟಿಂಗಿನ ಪಾಸ್‌ವರ್ಡ್ ಗೊತ್ತಿದ್ದದ್ದು ಇಬ್ಬರಿಗೇ, ನನಗೆ ಮತ್ತು ಮಗಳಿಗೆ. ಅವಳಿಗೆ ಹೇಳಿಕೊಟ್ಟವಳೂ ನಾನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಒಲೆಯ ಮುಂದಿದ್ದವಳನ್ನು ಕರೆದು ಕೇಳಿದೆ. ಅವಳು ಮುಚ್ಚಿಡಲಿಲ್ಲ.

“ನಾನೇ ಕಣಮ್ಮ ಮಾಡಿದ್ದು. ಬೇತಮಂಗಲದಾಗೆ ಗಂಡಿನ ಅಜ್ಜಿ ನೋಡಿ ಏನಾದ್ರೂ ಅಂದ್ರೆ? ಒಂದು ಎಸ್ರು ತಾನೆ, ಓಗ್ಲಿ ಬಿಡು.”

“ನಿನ್ನ ಸ್ಕೂಲು, ಕಾಲೇಜು, ಎಲ್ಲಾ ಅರ್ಜಿಗೂ ಸೈನಾಕಿದ್ದು ಇದೇ ಎಸ್ರು ಕಣೇ,” ಎಂದೆ.

ಅವಳು ಒಲೆಯ ಕಡೆ ತಿರುಗಿಕೊಂಡಳು. ನಾನು ನನ್ನ ಹಕ್ಕನ್ನು ನಾನೇ ಬದಲಿಸಿಕೊಂಡು, ಸಾಲು ಹಾಕಿ, ಸೇವ್ ಮಾಡಿ, ಭಾವನಿಗೆ ತೋರಿಸಿ ಅವರ ಕೈಯಲ್ಲೇ ಪ್ರೆಸ್ಸಿಗೆ ಕಳಿಸಿದೆ. ಅವರು ಕನ್ನಡಕ ಏರಿಸಿಕೊಂಡು ಓದಿ, ಆಗಲಿ ಎಂದರು. ಓರಗಿತ್ತಿಯನ್ನು ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು. ಗೆದ್ದೆ ಎಂದೇ ಅಂದುಕೊಂಡಿದ್ದೆ, ಹುಚ್ಚಿ.

ವಾರದ ಮೇಲೆ ಪತ್ರಿಕೆಗಳು ಬಂದವು. ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚಿದ ಮೇಲೇ ಹಂಚುವುದು ನಮ್ಮ ಪದ್ಧತಿ. ನನ್ನಂಥವಳು ಆ ಬಟ್ಟಲುಗಳನ್ನು ಮುಟ್ಟುವಂತಿಲ್ಲ. ಮಗಳೂ ಓರಗಿತ್ತಿಯೂ ಚಾಪೆ ಹಾಸಿಕೊಂಡು ಕೂತರು. ನಾನು ಕಾಫಿ ಕೊಟ್ಟು ಬಂದೆ.

ಲೋಟ ತೆಗೆದುಕೊಳ್ಳಲು ಬಗ್ಗಿದಾಗ, ಬೇತಮಂಗಲಕ್ಕೆಂದು ಬೇರೆ ಇಟ್ಟಿದ್ದ ಕಟ್ಟು ಕಂಡಿತು. ಮೇಲಿದ್ದ ಪತ್ರಿಕೆಯ ಮೂರು ಮೂಲೆಗೆ ಒಂದೊಂದು ಬೊಟ್ಟು. ನಾಲ್ಕನೆಯ ಮೂಲೆಗೆ ಅರಿಸಿನ ದಪ್ಪಗೆ ಬಳಿದಿತ್ತು. ನನ್ನ ಹೆಸರು ಕಾಣುತ್ತಿರಲಿಲ್ಲ. ಅದರ ಕೆಳಗಿನದೂ ಹಾಗೇ, ಅದರ ಕೆಳಗಿನದೂ. ಓರಗಿತ್ತಿ ಕುಂಕುಮದ ಬಟ್ಟಲು ಹಿಡಿದಿದ್ದರು. ಅರಿಸಿನದ ಬಟ್ಟಲು ನನ್ನ ಮಗಳ ಮಡಿಲಲ್ಲಿತ್ತು.