ಫ್ರೀಜರಿನ ಮುಚ್ಚಳದ ಮೇಲೆ ಕುಳಿತದ್ದು

ಮಳೆಗಾಲದಲ್ಲಿ ಮಂಗಳೂರಿನವರು ಮೀನಿಲ್ಲದೆ ಒದ್ದಾಡುವುದನ್ನು ನೋಡಿಯೇ ನಾನು ಆ ಫ್ರೀಜರ್ ಪೆಟ್ಟಿಗೆ ತರಿಸಿದ್ದು. ಎಂಬತ್ತರ ದಶಕದ ಸುರು. ಕೊಡಿಯಾಲ್‌ಬೈಲಿನಲ್ಲಿ ನಮ್ಮದು ಜೀನಸು ಅಂಗಡಿ. ಗಂಡ ತೀರಿಕೊಂಡ ಮೇಲೆ ನಾನೂ ಮೈದುನನೂ ಸೇರಿ ನಡೆಸುತ್ತಿದ್ದೆವು. ಅವನಿಗೆ ಅಕ್ಕಿ ಮೂಟೆಯ ವ್ಯಾಪಾರ ಬಿಟ್ಟರೆ ಬೇರೆ ಯಾವುದೂ ವ್ಯಾಪಾರವೇ ಅಲ್ಲ.

ಮಳೆ ಹಿಡಿದರೆ ದೋಣಿಗಳು ದಡ ಸೇರುತ್ತವೆ. ಆಮೇಲೆ ಒಣಮೀನು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ಎಷ್ಟೂಂತ ತಿನ್ನುವುದು? ದೋಣಿ ನಿಲ್ಲುವ ಮೊದಲೇ ನಾನು ಒಳ್ಳೆಯ ಬಂಗುಡೆ ಮೀನು ಕೊಂಡು, ಉಳ್ಳಾಲದ ಕಡೆಯ ಒಂದು ಮೀನು ಫ್ರೀಜ್ ಮಾಡುವ ಫ್ಯಾಕ್ಟರಿಯಲ್ಲಿ ಕಲ್ಲಿನ ಹಾಗೆ ಗಟ್ಟಿ ಮಾಡಿಸಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಪೆಟ್ಟಿಗೆ ತುಂಬಿಸಿದೆ.

ಮೈದುನನ ಮುಖ ಹುಳಿಯಾಯಿತು. "ಅತ್ತಿಗೆ, ನಮ್ಮಲ್ಲಿ ಬೇಳೆಗೆ ಬರುವವರಲ್ಲಿ ಅರ್ಧ ಜನ ಮೀನು ಮುಟ್ಟುವವರಲ್ಲ. ಒಂದು ದಿನ ನಾತ ಬಂತೋ, ಪೆಟ್ಟಿಗೆ ಹೊರಗೆ. ಆ ಜಾಗದಲ್ಲಿ ಅಕ್ಕಿ ಇಡ್ತೇನೆ."

"ನಾತ ಬರ್ಲಿ ಮಾರಾಯ, ಆಮೇಲೆ ಮಾತಾಡುವ," ಎಂದೆ.

ನಾತ ಬರಲಿಲ್ಲ. ಗಿರಾಕಿಯೂ ಬರಲಿಲ್ಲ. ನಮ್ಮೂರಿನ ಹೆಂಗಸು ಕಿವಿರು ಎತ್ತಿ ನೋಡದೆ ಮೀನು ತೆಗೆದುಕೊಳ್ಳುವವಳಲ್ಲ. ಕೆಂಪಿದ್ದರೆ ಬುಟ್ಟಿಗೆ, ಕಂದಿದ್ದರೆ ಮಾರುವವಳಿಗೆ ಬೈಗುಳ. ನನ್ನ ಬಂಗುಡೆಯ ಕಿವಿರು ಎತ್ತುವುದಕ್ಕೆ ಕೊಡಲಿಯೇ ಬೇಕಿತ್ತು. ಹಾಗಾಗಿ ದಿನಾ ಬೆಳಿಗ್ಗೆ ಒಂದು ಬಂಗುಡೆಯನ್ನು ನೀರಿಗೆ ಹಾಕಿ ಮೆತ್ತಗೆ ಮಾಡಿ, ತಟ್ಟೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಬಂದವರು ಎತ್ತಲಿ, ಒತ್ತಲಿ, ಅದಕ್ಕೇ ಇಟ್ಟದ್ದು.

ನಮ್ಮ ಕಾಯಂ ಗಿರಾಕಿ, ಕೊಂಕಣಿ ಮಾತಿನ ಟೀಚರೊಬ್ಬರು ಕಿವಿರು ಎತ್ತಿ ನೋಡಿದರು. "ಇದು ಒಳ್ಳೆಯದುಂಟು. ಒಳಗಿದ್ದದ್ದು ಹೇಗೆ ಉಂಟೋ, ಯಾರಿಗೆ ಗೊತ್ತು?" ಎಂದು ಕೊತ್ತಂಬರಿ ಮಾತ್ರ ಕಟ್ಟಿಸಿಕೊಂಡು ಹೋದರು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಗಾಳಿಮಳೆಗೆ ಕಂಬ ಬಿದ್ದು ಕರೆಂಟು ಹೋಯಿತು. ತುಂಬಿದ ಪೆಟ್ಟಿಗೆಯ ಮುಚ್ಚಳ ತೆಗೆಯದಿದ್ದರೆ ಮಾರನೆಯ ದಿನದವರೆಗೂ ತಂಪು ನಿಲ್ಲುತ್ತದೆಂದು ಫ್ರೀಜರ್ ತಂದವನು ಹೇಳಿಹೋಗಿದ್ದ. ಮೈದುನನ ಕೈ ಆಗಲೇ ಹಿಡಿಯ ಮೇಲಿತ್ತು. "ಕೊಳೆಯುವ ಮೊದಲು ಒಮ್ಮೆ ನೋಡುವ ಅತ್ತಿಗೆ."

ನೋಡುವುದೇ ಕೊಳೆಸುವ ದಾರಿ. ಅವನ ಕೈ ತಳ್ಳಿ, ಪೆಟ್ಟಿಗೆಗೆ ಗೋಣಿ ಹೊದಿಸಿ, ಮೇಲೆ ಹತ್ತಿ ಕುಳಿತೆ. ಆಗ ನನ್ನ ತೂಕವೂ ಕಡಿಮೆಯದ್ದಲ್ಲ. ಅಲ್ಲಿಂದಲೇ ಸಕ್ಕರೆ ತೂಗಿಸಿದೆ, ಚಿಲ್ಲರೆ ಕೊಟ್ಟೆ, ಮಧ್ಯಾಹ್ನ ಗಂಜಿಯನ್ನೂ ಉಂಡೆ. ಸಂಜೆ ಮುಚ್ಚಳಕ್ಕೆ ಬೀಗ ಹಾಕಿ, ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದೆ. ಮರುದಿನ ಬಂದು ಮತ್ತೆ ಹತ್ತಿದೆ.

ಕರೆಂಟು ಬರಲೇ ಇಲ್ಲ. ಮೈದುನ ನಾಯಿಯ ಹಾಗೆ ಪೆಟ್ಟಿಗೆಯ ಸುತ್ತ ಮೂಸುತ್ತಿದ್ದ. ನಾನು ಗೋಣಿಯ ಅಂಚನ್ನು ಇನ್ನಷ್ಟು ಒತ್ತಿ ಹೊದಿಸಿದೆ.

ಟೀಚರು ಛತ್ರಿ ಕೊಡವುತ್ತಾ ಬಂದರು. "ಎಂತ ಅಕ್ಕ, ಮೊಟ್ಟೆಗೆ ಕಾವು ಕೊಡುವುದಾ?"

"ಹೌದು ಟೀಚರ್. ಬಂಗುಡೆ ಮರಿ ಆಗ್ತದೆ. ನಿಂತು ನೋಡಿಕೊಂಡೇ ಹೋಗಿ."

ಅವರು ನಿಜವಾಗಿಯೂ ನಿಂತರು. ಮಳೆಗೆ ಸಿಕ್ಕಿಬಿದ್ದ ನಾಲ್ಕಾರು ಹೆಂಗಸರೂ ನಿಂತರು. ಮಧ್ಯಾಹ್ನ ದಾಟಿದ ಮೇಲೆ ಪೆಟ್ಟಿಗೆ ಗುರ್ ಎಂದಿತು. ಕರೆಂಟು ಬಂದದ್ದು ಅಡಿಯ ಆ ನಡುಕದಿಂದ ನನಗೇ ಮೊದಲು ಗೊತ್ತಾಯಿತು. ಇಳಿದು ಬೀಗ ತೆಗೆದೆ.

"ಟೀಚರ್, ನೀವೇ ಕೈ ಹಾಕಿ. ಬೇಕಾದ್ದು ತೆಗೀರಿ."

ಅವರು ನನ್ನ ಮೇಲೆ ನಂಬಿಕೆಯಿಲ್ಲದೆ ಅಡಿಯಿಂದ ಒಂದು ಕಟ್ಟು ಎಳೆದು ಮೇಜಿನ ಮೇಲೆ ಕುಟ್ಟಿದರು. ಟಕ್! ಕಲ್ಲು. ಬಾಲ್ದಿಯ ನೀರಿಗೆ ಹಾಕಿದೆವು. ಯಾರೂ ಜಾಗ ಬಿಟ್ಟು ಕದಲಲಿಲ್ಲ. ಮೆತ್ತಗಾದ ಮೇಲೆ ಟೀಚರು ಕಿವಿರು ಎತ್ತಿದರು. ಕೆಂಪು! ಪಕ್ಕದವಳೂ ಎತ್ತಿದಳು, ಅದರಾಚೆಯವಳೂ ಎತ್ತಿದಳು.

"ಕರೆಂಟಿಲ್ಲದೆ ಇಷ್ಟು ಹೊತ್ತು ನಿಂತದ್ದು, ಇನ್ನು ನನ್ನ ಮನೆಗೆ ಹೋಗುವಷ್ಟರಲ್ಲಿ ಹಾಳಾಗ್ತದಾ? ಎರಡು ಕಟ್ಟು ಕೊಡಿ," ಎಂದರು ಟೀಚರು.

ದೋಣಿ ಮತ್ತೆ ಕಡಲಿಗಿಳಿಯುವ ಮೊದಲೇ ನನ್ನ ಪೆಟ್ಟಿಗೆ ಬರಿದಾಗಿತ್ತು. ಉದ್ದಿನಬೇಳೆಗೆ ಬರುವ ಭಟ್ಟರ ಹೆಂಡತಿಯನ್ನು ಮೈದುನ ತಾನಾಗಿಯೇ ಕೇಳಿದ, ನಾತ ಬರುತ್ತದೋ ಎಂದು. "ನಿಮ್ಮ ಹಿಂಗಿನ ಡಬ್ಬದ್ದು ಬರ್ತದೆ, ಅದನ್ನು ಸರಿ ಮುಚ್ಚಿ," ಎಂದರು ಆಕೆ.

ಮುಂದಿನ ವರ್ಷ ಅಕ್ಕಿ ಮೂಟೆಗಳನ್ನು ಹಿಂದಿನ ಕೋಣೆಗೆ ಸಾಗಿಸಿ ಎರಡನೆಯ ಫ್ರೀಜರಿಗೆ ಜಾಗ ಮಾಡಿದವನು ಅವನೇ. "ಕರೆಂಟು ಹೋದ್ರೆ ಎಂತ ಮಾಡುವುದು ಅತ್ತಿಗೆ?" ಎಂದು ಕೇಳಿದ.

"ನನಗೆ ನನ್ನದುಂಟು. ಹೊಸದರ ಮೇಲೆ ನೀನು ಕೂತ್ಕೋ," ಎಂದೆ.

ಕೂತ.